ಕಮಲಾಕ್ಷಮ್ಮನ ಹೆಸರಿನ ಮಾತ್ರೆ

ಸಂಪತ್ ಮೆಡಿಕಲ್ಸ್ ಮುಂದೆ ನಿಂತಾಗಲೆಲ್ಲ ದೊಡ್ಡಹನುಮಯ್ಯನಿಗೆ ತನಗೊಂದು ಕೈ ಹೆಚ್ಚಾಗಿದೆ ಅನ್ನಿಸುತ್ತಿತ್ತು. ಎಡಗೈ ಚೀಟಿ ಹಿಡಿದಿರುತ್ತಿತ್ತು, ಅದಕ್ಕೆ ಕೆಲಸವಿತ್ತು. ಕೆಲಸವಿಲ್ಲದ ಬಲಗೈ ತಾನಾಗಿ ಮೇಲೇರಿ ಶರಟಿನ ಜೇಬನ್ನು ಮುಟ್ಟಿ, ಎಲ್ಲವೂ ಇದ್ದಲ್ಲೇ ಇದೆಯೇ ಎಂದು ವಿಚಾರಿಸಿಕೊಂಡು ಕೆಳಗಿಳಿಯುತ್ತಿತ್ತು. ಜೇಬಿನಲ್ಲಿ ನಾಲ್ಕು ಮಡಿಕೆಯ ಕರ್ಚೀಫು, ಅದರ ಹಿಂದೆ ಕನ್ನಡಕದ ಡಬ್ಬಿ, ಅದರ ಹಿಂದೆ ಎಂಟು ದಿನದಿಂದ ಹಾಗೇ ಕೂತಿದ್ದ ಆಸ್ಪತ್ರೆಯ ಒಂದು ಕಾಗದ. ಇಷ್ಟನ್ನೂ ತುಂಬಿದರೆ, ಹೋದ ವರ್ಷ ಡಾಕ್ಟರು ಎಡಮೊಲೆಯನ್ನು ಕೊಯ್ದು ತೆಗೆದ ಜಾಗದ ಹಳ್ಳ ಮುಚ್ಚಿ, ಎದೆ ಎರಡೂ ಕಡೆ ಮಟ್ಟಸವಾಗಿ ಕಾಣುತ್ತಿತ್ತು. ಎಪ್ಪತ್ತು ವರ್ಷದ ಮುದುಕನ ಎದೆ ಮಟ್ಟಸವೋ ತಗ್ಗೋ ಎಂದು ನಿಂತು ನೋಡುವಷ್ಟು ಬಿಡುವು ಬಸವೇಶ್ವರನಗರದಲ್ಲಿ ಯಾರಿಗಿದೆ ಎಂದು ಅವನು ತನ್ನನ್ನೇ ಕೇಳಿಕೊಂಡದ್ದುಂಟು. ಆದರೂ ಕೈ ಕೇಳುತ್ತಿರಲಿಲ್ಲ. ಮುಂದೆ ಶುಗರ್ ಮಾತ್ರೆಯ ಇಬ್ಬರು, ಹಿಂದೆ ಗ್ಯಾಸಿನ ಪುಡಿಯ ಒಬ್ಬರು. ಚೀಟಿಯ ಮೇಲ್ಭಾಗವನ್ನು, ಅಂದರೆ ಹೆಸರಿರುವ ಭಾಗವನ್ನು, ಅವನು ಎಂದಿನಂತೆ ಹಿಂದಕ್ಕೆ ಮಡಿಸಿ ಉಗುರಿನಿಂದ ಗೀರಿಟ್ಟುಕೊಂಡಿದ್ದ. ಸಂಪತ್ ಮಾತ್ರ ಎಲ್ಲರ ತಲೆಯ ಮೇಲಿಂದ ಕೂಗಿದ. "ಅಂಕಲ್, ಆಂಟಿದು ಮಾತ್ರೆ ತಾನೇ? ಸ್ಟಾಕ್ ಬಂದಿಲ್ಲ, ಸಾಯಂಕಾಲ ಬನ್ನಿ. ಹೇಗಿದಾರೆ ಆಂಟಿ? ಊಟ ಸೇರ್ತಿದ್ಯಾ?"

"ಹೂಂ. ಪರವಾಗಿಲ್ಲ," ಎಂದ ದೊಡ್ಡಹನುಮಯ್ಯ. ಸಾಲಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿ, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುವ ಗಂಡನಿಗೆ ಕೊಡುವ ಮುಖವನ್ನು ಕೊಟ್ಟರು. ಆ ಮುಖಗಳನ್ನು ಅವನು ಹನ್ನೊಂದು ತಿಂಗಳಿಂದ ಸುಮ್ಮನೆ ಇಸಿದುಕೊಳ್ಳುತ್ತಿದ್ದ.

ಸುಳ್ಳು ಹೇಳಬೇಕೆಂದು ಅವನು ಹೇಳಿದ್ದಲ್ಲ. ಮೊದಲನೇ ದಿನ ಸಂಪತ್ ಮಾತ್ರೆಯ ಹೆಸರು ಓದಿ, ಅವನ ಮುಖ ನೋಡಿ, ದನಿ ತಗ್ಗಿಸಿ, "ಆಂಟಿಗಾ ಅಂಕಲ್?" ಅಂದಿದ್ದ. ಆಗ ತಲೆ ತಾನಾಗಿ ಆಡಿಬಿಟ್ಟಿತ್ತು. ತಲೆ ಒಂದು ಸಲ ಆಡಿದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಸಂಪತ್ ಪುಸ್ತಕದಲ್ಲಿ ಕಮಲಾಕ್ಷಮ್ಮ ಎಂದು ಬರೆದುಕೊಂಡ. ಅಂದಿನಿಂದ ಕಾಯಿಲೆ ಅವನ ಮೈಯಲ್ಲೂ ಅದರ ಹೆಸರು ಹೆಂಡತಿಯ ಮೇಲೂ ಇದ್ದು, ಎರಡೂ ಬೇರೆ ಬೇರೆ ಬೆಳೆದವು. ಮೈಯದು ನಿಂತಲ್ಲೇ ನಿಂತಿದೆ ಎಂದು ಡಾಕ್ಟರು ಹೇಳಿದ್ದರು. ಹೆಸರಿನದು ಮೂರು ಕ್ರಾಸಿಗೆ ಹಬ್ಬಿತ್ತು.

ಅಂಗಡಿಯ ಮೆಟ್ಟಿಲಿಳಿಯುವಾಗ ಅದು ಬಂತು. ಹೊಕ್ಕುಳಿನ ಹತ್ತಿರ ಯಾರೋ ಸೀಮೆಎಣ್ಣೆ ಸ್ಟೋವು ಹಚ್ಚಿ ಪಂಪು ಹೊಡೆದಂತೆ ಶುರುವಾಗಿ, ಎದೆ, ಕುತ್ತಿಗೆ, ಕಿವಿ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ನೆತ್ತಿಯಲ್ಲಿ ಕೂತು ನೀರಾಗಿ ಇಳಿಯುವ ಬಿಸಿ. ದಿನಕ್ಕೆ ಆರು ಸಲ, ಏಳು ಸಲ. ಡಾಕ್ಟರ್ ರಾಗಿಣಿ ಮೊದಲೇ ಹೇಳಿದ್ದಳು. ಅವನ ಮಗಳಿಗಿಂತ ಚಿಕ್ಕವಳು, ಮಾತಿಗೆ ಮುಂಚೆ ಅಪ್ಪಾಜಿ ಅನ್ನುತ್ತಿದ್ದಳು. "ಅಪ್ಪಾಜಿ, ನಿಮ್ಮ ಗಂಟಿಗೆ ಹೆಣ್ಣಿನ ಹಾರ್ಮೋನೇ ಊಟ. ಗಂಡಸರ ಮೈಯಲ್ಲೂ ಅದು ಒಂಚೂರು ಇರುತ್ತೆ. ಬೆನ್ನಿನ ಮೂಳೆಗೂ ಒಂದೆರಡು ಕಾಳು ಹಾರಿದೆ, ಪೂರ್ತಿ ಕಿತ್ತುಹಾಕೋಕೆ ಆಗಲ್ಲ. ಈ ಮಾತ್ರೆ ಊಟ ಹೋಗೋ ಬಾಗಿಲಿಗೆ ಬೀಗ ಹಾಕುತ್ತೆ. ದಿನಾ ತಪ್ಪದೆ ತಗೊಂಡ್ರೆ ಬಹಳ ಕಾಲ ಕಟ್ಟಿಹಾಕಬಹುದು." ಹೆಣ್ಣಿನದ್ದು ಒಂಚೂರು ತನ್ನೊಳಗೆ! ಇಷ್ಟು ವರ್ಷ ಅದು ಎಲ್ಲಿ ಕೂತಿತ್ತು, ಏನು ಮಾಡುತ್ತಿತ್ತು ಎಂದು ಅವನು ಆಸ್ಪತ್ರೆಯಿಂದ ಮನೆಯವರೆಗೂ ಹುಡುಕಿದ್ದ. ತಾಯಿ ಸತ್ತಾಗ ಕೊಟ್ಟಿಗೆಯ ಹಿಂದೆ ಹೋಗಿ ಅತ್ತದ್ದು ಅದೋ? ಮಗಳಿಗೆ ಎರಡು ಜಡೆ ಹಾಕಲು ಕಲಿತದ್ದು ಅದೋ? ಹಾಗಿದ್ದರೆ ತನ್ನಲ್ಲಿದ್ದ ಚೆನ್ನಾಗಿರುವ ಭಾಗಕ್ಕೇ ಬೀಗ ಬಿತ್ತಲ್ಲ ಎಂದು ನಗು ಬಂದಿತ್ತು. ಮೊದಲನೇ ವಾರ ಮಾತ್ರೆ ನುಂಗಿ ಕನ್ನಡಿ ಮುಂದೆ ನಿಂತು ಗಡ್ಡ ಬೆಳೆಯುತ್ತಿದೆಯೇ, ದನಿ ಸಣ್ಣಗಾಯಿತೇ ಎಂದು ಕೆಮ್ಮಿ ಪರೀಕ್ಷೆ ಮಾಡಿಕೊಂಡ. ದನಿ ಹಾಗೇ ಇತ್ತು. ಕಣ್ಣು ಮಾತ್ರ ಕೆಟ್ಟಿತು. ಟೀವಿಯಲ್ಲಿ ಬಟ್ಟೆ ಸೋಪಿನ ಜಾಹೀರಾತು ಬಂದರೆ, ಅದರಲ್ಲಿ ತಾಯಿ ಮಗುವಿನ ಕೊಳೆ ಅಂಗಿ ಒಗೆದರೆ, ನೀರು ಸುರಿಯುತ್ತಿತ್ತು. ಕಮಲಾಕ್ಷಮ್ಮ ಟವಲು ಕೊಟ್ಟು, "ಅಂಗಿ ಬೆಳ್ಳಗಾಯ್ತು ಬಿಡಿ, ಸುಮ್ನಿರಿ," ಅನ್ನುತ್ತಿದ್ದಳು.

ಬಿಸಿ ಏರಿದಾಗಲೆಲ್ಲ ಅವನಿಗೆ ಹಳೇ ಮನೆಯ ಫ್ಯಾನು ನೆನಪಾಗುತ್ತಿತ್ತು. ಬಾಪೂಜಿ ನಗರದಲ್ಲಿ ಬಾಡಿಗೆಗಿದ್ದ ಕಾಲ. ಕಮಲಾಕ್ಷಮ್ಮನಿಗೆ ಐವತ್ತು ತುಂಬಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ಮನೆ ತುಂಬ ನೆಂಟರು, ಅವಳು ಒಲೆಯ ಮುಂದಿನಿಂದ ಎದ್ದುಬಂದು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಫ್ಯಾನಿನ ಗುಂಡಿಯನ್ನು ಐದಕ್ಕೆ ತಿರುಗಿಸಿದಳು. ಎಲ್ಲರೂ ನಡುಗಿದರು. ಅವನು ನಡುಮನೆಯಲ್ಲಿ ಕೂತು ಗಟ್ಟಿಯಾಗಿ, "ಮೊಮ್ಮಕ್ಕಳು ಆಡಿಸೋ ವಯಸ್ನಲ್ಲಿ ಇವಳಿಗೆ ಅದೆಂಥಾ ಸೆಕೆನೋ," ಅಂದ. ನೆಂಟರು ನಕ್ಕರು. ಅವಳು ಫ್ಯಾನು ಆರಿಸಿ ಒಳಗೆ ಹೋದಳು. ಆಮೇಲೆ ಎರಡು ವರ್ಷ ಅವಳು ಬಚ್ಚಲುಮನೆಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡು ಬರುತ್ತಿದ್ದಳು, ಫ್ಯಾನು ಮುಟ್ಟಲಿಲ್ಲ. ಈಗ ಅವನಿಗೆ ಬಿಸಿ ಏರಿದೊಡನೆ, ಅವನು ಬಾಯಿ ಬಿಡುವುದಕ್ಕೆ ಮುಂಚೆ, ಅವಳೇ ಎದ್ದು ಐದಕ್ಕೆ ತಿರುಗಿಸಿ, ತಾನು ಶಾಲು ಹೊದ್ದು ಕೂರುತ್ತಾಳೆ. ಆ ದಿನದ ಮಾತನ್ನು ಒಂದು ಸಲ ಎತ್ತಿ ಬೈದಿದ್ದರೆ ಆಗುತ್ತಿತ್ತು. ಎತ್ತಲಿಲ್ಲ. ಮರೆತಿದ್ದಾಳೆ ಅನ್ನುವುದಕ್ಕೆ ಅವಳು ಯಾವುದನ್ನೂ ಮರೆತವಳಲ್ಲ.

ಕ್ರಾಸಿನ ತಿರುವಿನಲ್ಲಿ ಹೊಂಗೆ ಮರದ ನೆರಳಿಗೆ ನಿಂತು ಬೆವರು ಒರೆಸಿಕೊಂಡ. ಕರ್ಚೀಫು ಜೇಬಿನಿಂದ ತೆಗೆದರೆ ಹಳ್ಳ ಕಾಣುತ್ತದೆಂದು ಪಂಚೆಯ ಚುಂಗಿನಿಂದಲೇ ಒರೆಸಿಕೊಂಡ. ಈ ಯೋಚನೆ ಬಂದೊಡನೆ ಮುನಿಯಪ್ಪನೂ ನೆನಪಿಗೆ ಬಂದ. ಬಿನ್ನಿಪೇಟೆಯ ಮಿಲ್ಲಿನ ನೇಯ್ಗೆ ಶೆಡ್ಡಿನಲ್ಲಿ ಅವನ ಪಕ್ಕದ ಮಗ್ಗದವನು ಮುನಿಯಪ್ಪ, ದಪ್ಪಗೆ, ಮೆತ್ತಗೆ, ಎದೆ ಸ್ವಲ್ಪ ತುಂಬಿಕೊಂಡಿದ್ದವನು. ನೂಲು ಹರಿಯಬಾರದೆಂದು ಶೆಡ್ಡಿನ ಒಳಗೆ ಯಾವಾಗಲೂ ಹಬೆ, ಎಲ್ಲರೂ ಬರೀ ಬನಿಯನ್ನಿನಲ್ಲಿ. ಒಂದು ದಿನ ಯಾರೋ ತಂದ ಹೆಂಗಸರ ರವಿಕೆಯನ್ನು ಮುನಿಯಪ್ಪನ ಮಗ್ಗದ ಕೊಕ್ಕೆಗೆ ನೇತುಹಾಕಿದರು. ಯಾರೋ ಏನು, ದೊಡ್ಡಹನುಮಯ್ಯನೇ ಹಾಕಿದ್ದು, ತಂದವನು ಬೇರೆ. ಶೆಡ್ಡಿಗೆ ಶೆಡ್ಡೇ ಮಗ್ಗದ ಸದ್ದಿಗಿಂತ ಜೋರಾಗಿ ನಕ್ಕಿತು. ಮುನಿಯಪ್ಪನೂ ನಕ್ಕ. ಮಾರನೆಯ ದಿನದಿಂದ ಅವನು ಆ ಹಬೆಯಲ್ಲಿ ಒಂದರ ಮೇಲೊಂದು ಎರಡು ಬನಿಯನ್ನು ಹಾಕಿ ಬರತೊಡಗಿದ. ಮಿಲ್ಲು ಮುಚ್ಚುವವರೆಗೂ ಎರಡು ಬನಿಯನ್ನು. ಯಾರೂ ಯಾಕೆಂದು ಕೇಳಲಿಲ್ಲ. ಮುನಿಯಪ್ಪ ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಇದ್ದರೆ ಹೋಗಿ, ನೋಡಪ್ಪ, ನಾನು ಮೂರು ಸಾಮಾನು ತುಂಬಿಕೊಂಡು ಓಡಾಡ್ತೀನಿ, ನೀನೇ ವಾಸಿ, ಅನ್ನಬಹುದಿತ್ತು.

ಮನೆಗೆ ಬಂದರೆ ಬಾಗಿಲಲ್ಲಿ ಎದುರುಮನೆಯ ಪುಟ್ಟಲಕ್ಷ್ಮಿ ಹೊರಟಿದ್ದಳು. ಒಳಗೆ ಮೇಜಿನ ಮೇಲೆ ಮೂರು ದಾಳಿಂಬೆ. "ಅಕ್ಕನ್ನ ಎದ್ದು ಓಡಾಡಕ್ಕೆ ಬಿಡ್ಬೇಡಿ ಅಣ್ಣ. ನಾಳೆ ಅಣ್ಣಮ್ಮ ದೇವಿ ಬರ್ತಾಳೆ ರೋಡಿಗೆ. ತಂಬಿಟ್ಟೆಲ್ಲ ನಾವೇ ಕಟ್ಕೋತೀವಿ, ಅವ್ರು ಸುಮ್ನೆ ಕುರ್ಚಿ ಮೇಲೆ ಕೂತ್ಕೊಂಡ್ ನೋಡ್ಲಿ ಸಾಕು," ಎಂದು ಅವನ ಭುಜದ ಕಡೆ ನೋಡುತ್ತ ಹೇಳಿ ಹೋದಳು. ಕಮಲಾಕ್ಷಮ್ಮ ದಿವಾನಿನ ಮೇಲೆ ಕೈಕಾಲು ನೀಟಾಗಿ ಇಟ್ಟುಕೊಂಡು, ಕಾಯಿಲೆಯವರು ಕೂರುವ ಹಾಗೆ ಕೂತಿದ್ದಳು. ಪುಟ್ಟಲಕ್ಷ್ಮಿಯ ಗೇಟಿನ ಸದ್ದು ಕೇಳಿದ ಮೇಲೆ ಕಾಲು ಮಡಿಸಿ ಎದ್ದಳು.

"ಇವ್ರೆಲ್ಲ ಯಾಕೆ ಹಣ್ಣು ತಂದ್ಕೊಡ್ತಾರೆ?" ಎಂದ ದೊಡ್ಡಹನುಮಯ್ಯ. ಕೇಳಬಾರದ್ದನ್ನು ಕೇಳಿದೆ ಎಂದು ನಾಲಿಗೆಗೆ ಆಗಲೇ ಗೊತ್ತಾಗಿತ್ತು.

"ನಂಗೆ ಎದೆ ಕ್ಯಾನ್ಸರ್ ಅಲ್ವೇನ್ರೀ? ಅದುಕ್ಕೆ," ಎಂದಳು ಕಮಲಾಕ್ಷಮ್ಮ, ಹಾಲು ಬಂದಿದೆ ಅನ್ನುವ ಹಾಗೆ. "ಐದು ತಿಂಗಳಾಯ್ತು ನಂಗೆ ಗೊತ್ತಾಗಿ. ಸಂಪತ್ ಅಂಗ್ಡೀಲಿ ಯಾರೋ ಕೇಳ್ಸ್ಕೊಂಡ್ ಬಂದ್ರು. ಮೊದ್ಲು ಸಿಟ್ಟು ಬಂತು. ಆಮೇಲೆ, ಹೋಗ್ಲಿ, ಇವ್ರಿಗೆ ಮುಖ ಉಳೀತದಲ್ಲ ಅಂತ ಸುಮ್ನಾದೆ. ಅಕ್ಕಿ ಗಂಜಿ ತಂದ್ರು, ಕುಡ್ದೆ. ಆ ಕೊನೇಮನೆ ಟೀಚರಮ್ಮ ನನ್ ಕೈ ಹಿಡ್ಕೊಂಡ್ ಅತ್ತೂ ಬಿಟ್ರು, ನಾನೇ ಸಮಾಧಾನ ಮಾಡ್ದೆ."

ಅವನು ನಗಬೇಕೆಂದು ಬಾಯಿ ತೆರೆದ. ಆಗ ಅವಳ ಕಣ್ಣು ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಅವಳ ಮರದ ಸೌಟು ನೇತಾಡುತ್ತಿತ್ತು. ಇಡೀ ರೋಡಿನ ತಂಬಿಟ್ಟಿಗೆ ಬೆಲ್ಲದ ಪಾಕ ಹಿಡಿಯುತ್ತಿದ್ದದ್ದು ಆ ಸೌಟು. ಎಳೆಪಾಕವಾದರೆ ತಂಬಿಟ್ಟು ಕುಸಿದು ಮೇಲಿಟ್ಟ ದೀಪ ಆರತಿಯ ಮಧ್ಯೆಯೇ ವಾಲುತ್ತದೆ, ಗಟ್ಟಿಯಾದರೆ ತಿನ್ನಲು ಸುತ್ತಿಗೆ ಬೇಕು. ಹದಿನೆಂಟು ವರ್ಷ ಆ ಹದ ಅವಳ ಬೆರಳ ತುದಿಯಲ್ಲಿತ್ತು. ನಾಲ್ಕು ತಿಂಗಳ ಹಿಂದಿನ ಆರತಿಗೆ ಹೆಂಗಸರು ಅವಳ ಕೈಯಿಂದ ಸೌಟು ಕಿತ್ತುಕೊಂಡು, ದಿಂಬು ಒರಗಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಮಂಡಿನೋವು ಎಂದು ಹೇಳಿ ಅವಳು ಅರ್ಧಕ್ಕೇ ಮನೆಗೆ ಬಂದಿದ್ದಳು. ಮಂಡಿಗೆ ಎಣ್ಣೆ ತಂದುಕೊಟ್ಟವನು ಅವನೇ, ಅದೇ ಸಂಪತ್ ಅಂಗಡಿಯಿಂದ. ಬಾಯಿ ತೆರೆದದ್ದನ್ನು ಅವನು ಹಾಗೇ ಮುಚ್ಚಿಕೊಂಡ. ಬೈಯುವುದಿದ್ದರೆ ಈಗಲೇ ಬೈದುಬಿಡಲಿ ಎಂದು ನಿಂತ. ಅವಳು ಅಕ್ಕಿ ತೊಳೆಯಲು ಹೋದಳು.

ಕುಕ್ಕರು ಎರಡನೇ ಸಲ ಕೂಗುವಾಗ ಗೇಟಿನ ಮುಂದೆ ಸ್ಕೂಟರು ನಿಂತಿತು. ಮಗಳು ಕವನಾ. ಕೆಂಗೇರಿಯಲ್ಲಿ ಗಂಡನ ಮನೆ, ಅಲ್ಲೇ ಒಂದು ಶಾಲೆಯಲ್ಲಿ ಮೇಡಮ್ಮು. ಬುಧವಾರ ಹನ್ನೊಂದು ಗಂಟೆಗೆ ಬರುವವಳಲ್ಲ. ಹೆಲ್ಮೆಟ್ಟನ್ನೂ ತೆಗೆಯದೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅಮ್ಮಾ, ನಿಜ ಹೇಳು."

"ಏನ್ ನಿಜವೇ? ಮೊದ್ಲು ತಲೆ ಮೇಲಿರೋ ಕೊಡ ಇಳ್ಸು."

"ಪುಟ್ಟಲಕ್ಷ್ಮಿ ಆಂಟಿ ಫೋನ್ ಮಾಡಿದ್ರು. ನಿಂಗೆ ಬ್ರೆಸ್ಟ್ ಕ್ಯಾನ್ಸರ್ ಅಂತೆ, ಹನ್ನೊಂದ್ ತಿಂಗ್ಳಿಂದ ಮಾತ್ರೆ ತಗೋತಿದೀಯಂತೆ. ರೋಡಿಗೆಲ್ಲ ಗೊತ್ತು, ಹೊಟ್ಟೇಲ್ ಹುಟ್ಟಿದ್ ನಂಗ್ ಗೊತ್ತಿಲ್ಲ!" ಹೆಲ್ಮೆಟ್ಟಿನ ಒಳಗಿನಿಂದ ಅಳು ದೊಡ್ಡದಾಗಿ ಕೇಳಿಸಿತು.

ಕಮಲಾಕ್ಷಮ್ಮ ಒಂದೇ ಒಂದು ಸಲ ಗಂಡನ ಕಡೆ ನೋಡಿದಳು. ಹೇಳ್ತೀರಾ ಎಂದು ಕೇಳುವ ನೋಟ. ದೊಡ್ಡಹನುಮಯ್ಯ ನೆಲದ ಕಡೆ ನೋಡಿದ. ನೆಲದ ಕೆಂಪು ಆಕ್ಸೈಡಿನಲ್ಲಿ ಒಂದು ಬಿರುಕು ಗೋಡೆಯವರೆಗೂ ಹೋಗಿತ್ತು. ಅದನ್ನು ಕೊನೆಮುಟ್ಟ ನೋಡಿದ.

"ಹೂಂ ಕಣೇ," ಎಂದಳು ಕಮಲಾಕ್ಷಮ್ಮ. "ಹೇಳಿದ್ರೆ ಹಿಂಗೇ ಶಾಲೆ ಬಿಟ್ಟು ಓಡ್ಬರ್ತೀಯ ಅಂತ ಹೇಳ್ಲಿಲ್ಲ."

"ಆಪರೇಷನ್ ಯಾವಾಗಾಯ್ತು?"

"ಹೋದ್ವರ್ಷ. ನಿಮ್ಮಪ್ಪಂಗೆ ಕೊಬ್ಬಿನ ಗಡ್ಡೆ ತೆಗೆದ್ರಲ್ಲ, ಆವಾಗ್ಲೇ."

"ಇಬ್ರಿಗೂ ಒಟ್ಟಿಗೇನಾ?"

"ಒಂದೇ ಆಟೋದಲ್ಲಿ ಹೋಗಿ ಬಂದ್ವಿ."

ಕವನಾ ಹೆಲ್ಮೆಟ್ಟು ತೆಗೆದು ತಾಯಿಯನ್ನು ತಬ್ಬಿಕೊಂಡಳು. ಕಮಲಾಕ್ಷಮ್ಮ ಒದ್ದೆ ಕೈಯನ್ನು ಮಗಳಿಗೆ ತಾಗದಂತೆ ಗಾಳಿಯಲ್ಲಿ ಹಿಡಿದು ನಿಂತಳು. ಕೊಬ್ಬಿನ ಗಡ್ಡೆ ಎಂದು ಮಗಳಿಗೆ ಹೇಳಬೇಕೆಂದು ಅವಳಿಂದ ಆಣೆ ಹಾಕಿಸಿಕೊಂಡವನು ದೊಡ್ಡಹನುಮಯ್ಯನೇ. ಗಂಡಸಿಗೆ ಮೊಲೆಯ ಕ್ಯಾನ್ಸರು ಎಂದರೆ ಅಳಿಯನ ಮನೆಯಲ್ಲಿ ಏನಂದುಕೊಂಡಾರು, ಶೆಡ್ಡಿಗೆ ಶೆಡ್ಡೇ ನಕ್ಕೀತು ಎಂದಿದ್ದ. ಯಾವ ಶೆಡ್ಡು ಎಂದು ಅವಳು ಕೇಳಿರಲಿಲ್ಲ. ಈಗ ಎಲ್ಲ ಸಸೂತ್ರವಾಗಿ ಮುಗಿಯುತ್ತದೆ ಎಂದು ಅವನೊಳಗಿನ ಹೇಡಿಯೊಬ್ಬ ಕಾಲು ಚಾಚತೊಡಗಿದ್ದ. ಅಷ್ಟರಲ್ಲಿ ಕವನಾ ಮೂಗೊರೆಸಿಕೊಂಡು ಮೇಡಮ್ಮಿನ ದನಿಗೆ ಬಂದಳು.

"ನಾಳೇನೇ ನಿನ್ನ ರಕ್ತ ಟೆಸ್ಟಿಗೆ ಕೊಡೋಣ. ನಮ್ಮ ಶಾಲೆಯ ಮೇಡಂ ಒಬ್ರಿಗೆ ಹೀಗೇ ಆಗಿತ್ತು. ಇದು ವಂಶದಲ್ಲಿ ಬರುತ್ತಂತೆ. ನಿನ್ನ ರಕ್ತದಲ್ಲಿ ಅದಿಲ್ಲ ಅಂದ್ರೆ ನಂಗೂ ಭಯ ಇಲ್ಲ, ನಾನು ಟೆಸ್ಟ್ ಮಾಡಿಸ್ಕೊಳ್ಳೋದೇ ಬೇಡ."

ದೊಡ್ಡಹನುಮಯ್ಯನ ಬಲಗೈ ಜೇಬಿಗೆ ಹೋಯಿತು. ಕರ್ಚೀಫು, ಡಬ್ಬಿ, ಕಾಗದ. ಎಂಟು ದಿನದ ಹಿಂದೆ ಡಾಕ್ಟರ್ ರಾಗಿಣಿ ಆ ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆದು, "ಅಪ್ಪಾಜಿ, ಇದು ನಿಮ್ಮ ರಕ್ತದಲ್ಲೇ ಇದೆ. ಮಗಳಿಗೂ ಬಂದಿರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ. ಮುಂದಿನ ಸಲ ಅವರನ್ನ ಕರ್ಕೊಂಡೇ ಬನ್ನಿ. ಮುಂಚೆ ಗೊತ್ತಾದ್ರೆ ಎಷ್ಟೋ ಮಾಡಬಹುದು," ಅಂದಿದ್ದಳು. ಕಮಲಾಕ್ಷಮ್ಮನ ರಕ್ತದಲ್ಲಿ ಏನಿದ್ದೀತು? ಅವಳ ತಾಯಿ ತೊಂಬತ್ತರವರೆಗೂ ರಾಗಿ ಬೀಸಿದವಳು. ರಿಪೋರ್ಟು ಬೆಳ್ಳಗೆ ಬರುತ್ತದೆ. ಮಗಳು ಅದನ್ನು ನೋಡಿ ನಗುತ್ತ ಸ್ಕೂಟರು ಹತ್ತಿ ಕೆಂಗೇರಿಗೆ ಹೋಗುತ್ತಾಳೆ. ಅವಳ ರಕ್ತದಲ್ಲೂ ಅದಿದ್ದರೆ ಅದೂ ಅವಳ ಜೊತೆ ಸ್ಕೂಟರು ಹತ್ತಿ ಹೋಗುತ್ತದೆ. ಎರಡು ಜಡೆ ಹಾಕಿದ ಬೆರಳುಗಳು ಈಗ ಶರಟಿನ ಮೇಲಿನ ಗುಂಡಿ ಹುಡುಕುತ್ತಿದ್ದವು.

"ಬಿಸಿ ಏರ್ತೇನ್ರೀ? ಫ್ಯಾನ್ ಹಾಕ್ಲಾ?" ಎಂದಳು ಕಮಲಾಕ್ಷಮ್ಮ.

ಅವನು ಶರಟು ಬಿಚ್ಚಿದ. ಎಳೆದ ರಭಸಕ್ಕೆ ಜೇಬಿನದ್ದೆಲ್ಲ ನೆಲಕ್ಕೆ ಬಿತ್ತು. ಬನಿಯನ್ನು ಬೆವರಿಗೆ ಅಂಟಿಕೊಂಡಿತ್ತು. ತಲೆಯ ಮೇಲಕ್ಕೆ ಎಳೆದರೆ ಕಿವಿಯ ಹತ್ತಿರ ಸಿಕ್ಕಿಕೊಂಡು, ಎರಡು ಕೈ ಮೇಲೆ, ಮುಖ ಬನಿಯನ್ನಿನ ಒಳಗೆ, ಹಾಗೆ ನಿಂತುಬಿಟ್ಟ. ಒಳಗೆ ಬೆಳ್ಳಗೆ, ಬೆಚ್ಚಗೆ, ಯಾರ ಮುಖವೂ ಕಾಣದಂತಿತ್ತು. ಇಲ್ಲಿಂದಲೇ ಹೇಳುವುದು ಸುಲಭ ಅನ್ನಿಸಿತು.

"ಅವಳಿಗಲ್ಲ ಕಣವ್ವ. ಕಾಯಿಲೆ ನಂದು. ಮಾತ್ರೆ ನಂದು. ರಕ್ತಾನೂ ನಂದೇ."

ಕುಕ್ಕರು ಮೂರನೇ ಸಲ ಕೂಗಿತು. ಯಾರೋ ಬನಿಯನ್ನಿನ ಅಂಚು ಹಿಡಿದು ಮೇಲಕ್ಕೆಳೆದರು. ತಲೆ ಹೊರಗೆ ಬಂದಾಗ ಬನಿಯನ್ನು ಕವನಾಳ ಕೈಯಲ್ಲಿತ್ತು. ಅವಳು ಅವನ ಎಡಗಡೆಯನ್ನು, ಕಂಕುಳಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಹೋದ ಹೊಲಿಗೆಯ ಗೆರೆಯನ್ನು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಕೈಬರಹ ಓದುವ ಹಾಗೆ ಓದುತ್ತಿದ್ದಳು.

"ಗಂಡಸ್ರಿಗೂ ಬರುತ್ತಾ ಅಪ್ಪಾ?"

"ಬಂದಿರೋ ನೂರು ಜನದಲ್ಲಿ ಒಬ್ಬ ಗಂಡ್ಸಂತೆ. ಜೀವ್ಮಾನದಲ್ಲಿ ಒಂದು ಲಾಟ್ರಿ ಹೊಡೀಲಿಲ್ಲ, ಇದು ಹೊಡೀತು."

ಅವಳು ನಗಲಿಲ್ಲ. ಬಗ್ಗಿ ನೆಲದ ಮೇಲಿದ್ದ ಕಾಗದ ಎತ್ತಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. "ಇದು ಬಂದು ಎಂಟು ದಿನ ಆಗಿದೆ. ಎಲ್ಲಿತ್ತು?"

ದೊಡ್ಡಹನುಮಯ್ಯ ತನ್ನ ಎದೆಯ ಹಳ್ಳವನ್ನು ತೋರಿಸಿದ. ಆಗ ಅವಳಿಗೆ ನಗು ಬಂತು, ಅಳುವಿನ ಜೊತೆಗೇ ಬಂದು ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು. "ಥೂ, ನೀವಿಬ್ರೂ!" ಎಂದು ಬನಿಯನ್ನಿನಿಂದಲೇ ಅವನ ಭುಜಕ್ಕೆ ಬಾರಿಸಿದಳು. "ನನ್ನ ರಕ್ತ ನಾಳೆ ನಾನೇ ಕೊಡ್ತೀನಿ. ನಿಮ್ಮ ಡಾಕ್ಟರ್ ಹತ್ರಾನೇ ಹೋಗೋಣ, ನೀವೂ ಬರ್ಬೇಕು. ಅಮ್ಮಾ, ನೀನ್ಯಾಕೆ ಹೂಂ ಅಂದೆ?"

"ಏನ್ಮಾಡ್ಲಿ," ಎಂದಳು ಕಮಲಾಕ್ಷಮ್ಮ, ಒಲೆ ಆರಿಸುತ್ತ. "ರೋಡಿನೋರೆಲ್ಲ ಅಷ್ಟು ನಂಬ್ಕೊಂಡು ಹಣ್ಣು ಕೊಟ್ಟಿದಾರೆ."

ಸಾಯಂಕಾಲ ದೊಡ್ಡಹನುಮಯ್ಯ ಮತ್ತೆ ಸಂಪತ್ ಮೆಡಿಕಲ್ಸ್ ಮುಂದೆ ನಿಂತ. ಜೇಬಿನಲ್ಲಿ ಏನೂ ಇರಲಿಲ್ಲ. ಬಟ್ಟೆ ಒಳಕ್ಕೆ ಬಿದ್ದು, ನಡೆದರೆ ಪಟಪಟ ಅನ್ನುತ್ತಿತ್ತು. ಐದಾರು ಜನ, ಅವರಲ್ಲಿ ಪುಟ್ಟಲಕ್ಷ್ಮಿಯೂ ಒಬ್ಬಳು, ಗಂಟಲಿನ ಮಾತ್ರೆಗೆ ಬಂದಿದ್ದಳು. ಓಡಿಹೋಗಬೇಕು ಅನ್ನಿಸಿತು. ಕಾಲು ಅಂಥ ವಿಷಯಕ್ಕೆ ಮಿಲ್ಲಿನ ಕಾಲದಿಂದಲೂ ತಯಾರಿತ್ತು. "ಆಂಟಿದು ಬಂದಿದೆ ಅಂಕಲ್," ಎಂದು ಸಂಪತ್ ಕೂಗಿದ. ದೊಡ್ಡಹನುಮಯ್ಯ ಚೀಟಿಯ ಮಡಿಕೆ ಬಿಡಿಸಿ, ಅಂಗೈಯಿಂದ ಉಜ್ಜಿ ನೆಟ್ಟಗೆ ಮಾಡಿ, ಗಾಜಿನ ಮೇಲಿಟ್ಟ.

"ಮೇಲಿರೋ ಹೆಸ್ರು ಓದಪ್ಪ. ಜೋರಾಗಿ ಓದು."

"ದೊಡ್ಡ... ದೊಡ್ಡಹನುಮಯ್ಯ. ಸೆವೆಂಟಿ. ಮೇಲ್." ಸಂಪತ್ ನಿಲ್ಲಿಸಿದ. ಚೀಟಿ ನೋಡಿದ, ಮುಖ ನೋಡಿದ, ಕೊನೆಗೆ, ಈ ವರ್ಷದಲ್ಲಿ ಮೊದಲನೇ ಸಲ ಯಾರೋ ನೋಡಿದರು ಅನ್ನುವ ಹಾಗೆ, ಎದೆ ನೋಡಿದ.

"ಮೊದ್ಲಿಂದ್ಲೂ ನಂದೇ. ನೀನು ಆಂಟಿಗಾ ಅಂದೆ, ನಾನು ತಲೆ ಆಡ್ಸಿದೆ. ಪುಸ್ತಕದಲ್ಲಿ ತಿದ್ಕೋ."

ಶೆಡ್ಡು ನಗಲೆಂದು ಅವನು ಕಾದ. ಯಾರೂ ನಗಲಿಲ್ಲ. ಶುಗರ್ ಮಾತ್ರೆಯ ಒಬ್ಬರು ತಮ್ಮ ಎದೆಯನ್ನು ಶರಟಿನ ಮೇಲಿಂದ ಮೆಲ್ಲಗೆ ಒತ್ತಿ ನೋಡಿಕೊಂಡರು. ಪುಟ್ಟಲಕ್ಷ್ಮಿ ಕೆನ್ನೆಯ ಮೇಲೆ ಕೈಯಿಟ್ಟು ಕೇಳಿದಳು, "ಹಂಗಾದ್ರೆ ಅಕ್ಕ?"

"ಗುಂಡುಕಲ್ಲಂಗವ್ಳೆ."

"ಅಯ್ಯೋ ದೇವ್ರೇ, ಮತ್ತೆ ಅವ್ರ ಕೈಲಿ ಸೌಟು ಕಿತ್ಕೊಂಡ್ವಲ್ಲ! ಹೋದ್ಸಲದ ತಂಬಿಟ್ಟು ನಾಯಿನೂ ಮೂಸ್ಲಿಲ್ಲ ಅಣ್ಣ. ಬೆಳಿಗ್ಗೆ ಆರಕ್ಕೆ ಪಾಕಕ್ಕೆ ಕಳ್ಸಿ, ಮರೀಬೇಡಿ."

ಸಂಪತ್ ಪೆನ್ನಿನಿಂದ ಪುಸ್ತಕದಲ್ಲಿ ಒಂದು ಹೆಸರನ್ನು ಹೊಡೆದುಹಾಕಿ ಇನ್ನೊಂದು ಬರೆಯುವ ಸದ್ದು ಕೇಳಿಸಿತು. ಸಣ್ಣ ಸದ್ದು. ಮುನಿಯಪ್ಪ ಅದನ್ನು ಕೇಳಬೇಕಿತ್ತು.

ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ ಕಮಲಾಕ್ಷಮ್ಮ ಮೊಳೆಯಿಂದ ಸೌಟು ತೆಗೆದಳು. ಹತ್ತು ಗಂಟೆಯೊಳಗೆ ಬಂದುಬಿಡು, ಆಸ್ಪತ್ರೆಗೆ ಹೊರಡಬೇಕು ಎಂದು ಮಗಳು ಫೋನಿನಲ್ಲಿ ಎರಡು ಸಲ ಹೇಳಿದ್ದಳು. ದೊಡ್ಡಹನುಮಯ್ಯ ಬರೀ ಮೈಯಲ್ಲಿ ನಡುಮನೆಯಲ್ಲಿ ಕೂತಿದ್ದ. 'ಆವತ್ತು ಫ್ಯಾನಿಗೆ ಹಾಗಂದೆನಲ್ಲ' ಎಂದು ಶುರು ಮಾಡಬೇಕೆಂದು ರಾತ್ರಿಯಿಂದ ಮಾತು ಜೋಡಿಸಿಟ್ಟುಕೊಂಡಿದ್ದ. ಮಾತು ಬರುವುದಕ್ಕೆ ಮುಂಚೆ ಬಿಸಿ ಬಂತು. ಅವಳು ಬಾಗಿಲವರೆಗೆ ಹೋದವಳು ವಾಪಸು ಬಂದು ಗುಂಡಿಯನ್ನು ಐದಕ್ಕೆ ತಿರುಗಿಸಿದಳು. ಗಾಳಿ ಬಲಗಡೆಗೆ ತಣ್ಣಗೆ ತಾಗಿತು, ಎಡಗಡೆಗೆ ತಾಗಿದ್ದು ತಿಳಿಯಲಿಲ್ಲ.

"ಲೇ, ಆವತ್ತು ಬಾಪೂಜಿ ನಗರದಲ್ಲಿ..."

"ಪಾಕಕ್ಕೆ ಹೊತ್ತಾಯ್ತು, ಬಂದ್ ಕೇಳ್ತೀನಿ. ಪೂರ್ತಿ ಕೇಳ್ತೀನಿ, ಬಿಡಲ್ಲ," ಎಂದಳು. ಅವನ ಕೈ ಮೇಜಿನ ಕಡೆ ಹೋದದ್ದು ಕಂಡು ಸೌಟು ತೋರಿಸಿದಳು. "ದಾಳಿಂಬೆ ಮುಟ್ಬೇಡಿ. ಅವು ನನ್ನ ಹೆಸ್ರಿಗೆ ಬಂದಿರೋವು. ನಿಮ್ಮ ಹೆಸ್ರಿಗೆ ಇವತ್ತಿಂದ ಬರ್ತವೆ, ಕಾಯ್ಕೊಂಡಿರಿ."